ಕೆಂಗೂದಲಿಗೆ ಕಂದು ಬಣ್ಣ

ಹುಟ್ಟಿನಿಂದಲೇ ಕೆಂಗೂದಲಿರುವ ಗೆಳತಿಯ ಮಗಳು ಇಂದು ನನ್ನ ಬಳಿ ಬಂದು, ತಲೆಗೆ ಕಂದು ಬಣ್ಣ ಹಾಕಿಸಿಕೊಳ್ಳುವ ಆಸೆಯನ್ನು ಮೆಲ್ಲಗೆ ಹೇಳಿಕೊಂಡಳು. ಬಿಸಿಲಿಗೆ ಅವಳ ಜಡೆಯ ತುದಿ ತಾಮ್ರದಂತೆ ಹೊಳೆಯುತ್ತಿತ್ತು.

ಎಂಸಿ1ಆರ್ ಎಂಬ ಜೀನ್‌ನ ಮಾರ್ಪಾಡಿನಿಂದ ಫಿಯೋಮೆಲನಿನ್ ಎಂಬ ಕೆಂಪು-ಹಳದಿ ವರ್ಣದ್ರವ್ಯ ಹೆಚ್ಚಾಗಿ ಮೂಡುವ ಈ ಕೆಂಪು ಬಣ್ಣ, ಲೋಕದಲ್ಲಿ ಶೇಕಡಾ 1ರಿಂದ 2ರಷ್ಟು ಮಂದಿಗೆ ಮಾತ್ರ ಇದೆ. ಆದರೆ ಎಲ್ಲರ ಕಣ್ಣೂ ಮೊದಲು ತನ್ನ ತಲೆಯ ಮೇಲೆಯೇ ಬೀಳುವಾಗ ಹದಿಹರೆಯದ ಹುಡುಗಿಗೆ ಆಗುವ ಸಂಕೋಚವನ್ನು, ಅಪರೂಪದ ಕೂದಲೆಂಬ ಹೊಗಳಿಕೆ ಕಡಿಮೆ ಮಾಡುವುದಿಲ್ಲ.

ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ. ತೊಳೆದಂತೆಲ್ಲ ಮಾಸುವ ಬಣ್ಣವನ್ನೇ ಆರಿಸಿಕೊಳ್ಳಬೇಕೆಂದೂ, 48 ಗಂಟೆ ಮೊದಲೇ ಚರ್ಮಕ್ಕೆ ಸ್ವಲ್ಪ ಹಚ್ಚಿ ಅಲರ್ಜಿಯಾಗುವುದೇ ಎಂದು ನೋಡಬೇಕೆಂದೂ, ಕೆಂಪು ಇಣುಕದಂತೆ ಬೂದು ಛಾಯೆಯ ಕಂದು ಒಳ್ಳೆಯದೆಂದೂ ತಿಳಿಸಿದೆ. ಅವಳ ಅಮ್ಮನೊಡನೆ ನಾಳೆ ನಾನೇ ಮಾತನಾಡುತ್ತೇನೆ.