ಕಲ್ಲಿದ್ದಲು ಒದ್ದೆಯಾಗೋದು ಅಷ್ಟು ಸುಲಭ ಅಲ್ಲ

ಕಲ್ಲಿದ್ದಲಿನ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ, ಮೇಲೊಂದು ಹನಿ ನೀರು ಬಿಡುವುದು ನನ್ನ ಕೆಲಸ. ಬರೀ ನೀರಾದರೆ ಹನಿ ಕೆಸುವಿನೆಲೆಯ ಮೇಲಿದ್ದಂತೆ ಉಬ್ಬಿಕೊಂಡು ಕೂರುತ್ತದೆ. ಗಣಿಯಲ್ಲಿ ಸುಮ್ನೆ ನೀರು ಸಿಂಪಡಿಸಿದರೆ ಸಣ್ಣ ದೂಳು ಸರಿಯಾಗಿ ಅಡಗದಿರುವುದು ಇದಕ್ಕೇ.

ಚೂರು ಸರ್ಫ್ಯಾಕ್ಟಂಟ್, ಅಂದರೆ ಸೋಪಿನಂಥ ರಾಸಾಯನಿಕ, ಸೇರಿಸಿ ನೋಡಿ. ಹನಿಯ ಅಂಚು ಮೆಲ್ಲಗೆ ಹರಡುತ್ತದೆ, ಬೆನ್ನು ಚಪ್ಪಟೆಯಾಗುತ್ತದೆ. ಆ ಅಣುವಿನ ಬಾಲಕ್ಕೆ ನೀರು ಕಂಡರಾಗದು, ತಲೆಗೆ ನೀರೇ ಬೇಕು. ಬಾಲ ಕಲ್ಲಿದ್ದಲಿಗೆ ಅಂಟಿದರೆ ತಲೆ ನೀರಿನ ಕಡೆ ತಿರುಗುತ್ತದೆ. ಜೊತೆಗೆ ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಇದ್ದ ನೀರಿನ ಮೇಲ್ಮೈ ಸೆಳೆತ 30-40ರ ಆಸುಪಾಸಿಗೆ ಇಳಿಯುತ್ತದೆ.

ಜಾಸ್ತಿ ಸುರಿದರೆ ಜಾಸ್ತಿ ಲಾಭ ಅಂತೇನಿಲ್ಲ. ಸೋಡಿಯಂ ಡೋಡೆಸಿಲ್ ಸಲ್ಫೇಟ್ ಅನ್ನೋ ಸರ್ಫ್ಯಾಕ್ಟಂಟ್ ಲೀಟರಿಗೆ ಸುಮಾರು 8 ಮಿಲಿಮೋಲ್ ದಾಟಿದರೆ ಅಣುಗಳು ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಳ್ಳುತ್ತವೆ. ಸೆಳೆತ ಇಳಿಯುವುದು ಹೆಚ್ಚುಕಡಿಮೆ ಅಲ್ಲಿಗೆ ನಿಂತಿತು.

ನನಗೆ ಮಜಾ ಅನಿಸುವುದು ತಲೆಯಲ್ಲಿ ಧನ ವಿದ್ಯುದಂಶ ಇರುವ ಜಾತಿಯ ಸರ್ಫ್ಯಾಕ್ಟಂಟ್. ಗಾಳಿಗೆ ಬಿದ್ದು ಹಳೆಯದಾದ ಕಲ್ಲಿದ್ದಲಿನ ಮೇಲೆ ಋಣ ವಿದ್ಯುದಂಶ ಜಾಸ್ತಿ ಅಲ್ವಾ? ಕಡಿಮೆ ಹಾಕಿದಾಗ ತಲೆಯೇ ಹೋಗಿ ಅಲ್ಲಿ ಅಂಟಿ, ಬಾಲ ಹೊರಗುಳಿಯುತ್ತದೆ. ಒದ್ದೆ ಮಾಡಲು ಹಾಕಿದ್ದೇ ನೀರನ್ನು ದೂರ ತಳ್ಳುತ್ತದೆ! ಇನ್ನಷ್ಟು ಹಾಕಿದರೆ ಮೊದಲ ಪದರದ ಮೇಲೆ ಎರಡನೆಯದು ತಿರುಗಿ ಕೂತು, ಹನಿ ಮತ್ತೆ ಹರಡುತ್ತದೆ.