ಲಹಬಾಬ್ ಮರಳಿನಲ್ಲಿ ಅವ್ವನಿಗೆ ಸಿಕ್ಕ ಬನ್ನಿ

ಡೆಸರ್ಟ್ ಸಫಾರಿ ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ದುಬೈಗೆ ಹೋಗಿ ಬಂದವರೆಲ್ಲ ತಲೆಗೆ ಚೌಕಳಿ ಬಟ್ಟೆ ಸುತ್ತಿಕೊಂಡು, ಒಂಟೆ ಪಕ್ಕ ನಿಂತು ಒಂದೇ ಥರದ ಫೋಟೊ ಹಾಕುತ್ತಾರೆ. ನಾವು ಹತ್ತು ದಿನ ಇದ್ದೆವು. ಬುರ್ಜ್ ಖಲೀಫಾ ನೋಡಿದೆವು, ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿದೆವು, ಅಬುಧಾಬಿಯ ದೊಡ್ಡ ಮಸೀದಿಗೂ ಹೋಗಿಬಂದೆವು. ಯಾವುದರ ಬಗ್ಗೆಯೂ ಬರೆಯಬೇಕು ಅನ್ನಿಸಲಿಲ್ಲ. ಈಗ ಬರೆಯೋಕೆ ಕೂತಿದ್ದು ಆ ಸಫಾರಿ ಸಂಜೆಯ ಸಲುವಾಗಿ. ಅದೂ ಸಫಾರಿಯವರ ಪಟ್ಟಿಯಲ್ಲಿ ಇಲ್ಲದೇ ಇದ್ದ ಒಂದು ಗಿಡಕ್ಕಾಗಿ.

ನಾವು ಗದಗದ ಕಡೆಯವರು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ತಮ್ಮ ಹನ್ನೊಂದು ವರ್ಷದಿಂದ ದುಬೈಯಲ್ಲಿದ್ದಾನೆ, ಕರಾಮಾದಲ್ಲಿ ಮನೆ. ದಸರಾ ರಜೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವ್ವನಿಗೆ ಎಪ್ಪತ್ತೊಂದು. ಬನ್ನಿ ಮುಡಿಯದೆ ಒಂದು ದಸರಾನೂ ಕಳೆದವಳಲ್ಲ. ನಮ್ಮ ಕಡೆ ವಿಜಯದಶಮಿ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಿ, ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬೀಳದಿದ್ದರೆ ಹಬ್ಬ ಮುಗಿದ ಹಾಗೇ ಅಲ್ಲ. ಕರಾಮಾದಲ್ಲಿ ಬನ್ನಿ ಎಲ್ಲಿಂದ ತರೋಣ? ತಮ್ಮ ಮೊಬೈಲಿನಲ್ಲಿ ಎಲೆಯ ಚಿತ್ರ ತೆಗೆದು, ಅದನ್ನೇ ಅವ್ವನ ಮುಂದೆ ಹಿಡಿದು, ‘ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು’ ಅಂತ ಕಾಲಿಗೆ ಬಿದ್ದ. ಅವ್ವ ಆಶೀರ್ವಾದ ಮಾಡಿದಳು. ಆಮೇಲೆ ನಾಲ್ಕು ದಿನ ಗೊಣಗಿದಳು. ‘ಮೊಬೈಲ್‌ನ್ಯಾಗ ಬಂಗಾರ ಕೊಟ್ಟ ನೋಡು ನನ್ನ ಮಗ.’

ಐದನೇ ದಿನ ಸಫಾರಿ. ಮಧ್ಯಾಹ್ನ ಮೂರಕ್ಕೆ ಬಿಲ್ಡಿಂಗ್ ಕೆಳಗೆ ಬಿಳಿ ಲ್ಯಾಂಡ್ ಕ್ರೂಸರ್ ಬಂದು ನಿಂತಿತು. ಡ್ರೈವರ್‌ಗೆ ಐವತ್ತರ ಆಸುಪಾಸು. ಗಡ್ಡಕ್ಕೆ ಮೆಹಂದಿ ಬಣ್ಣ. ಅವ್ವ ಮೆಟ್ಟಿಲು ಹತ್ತೋಕೆ ಒದ್ದಾಡಿದ್ದು ನೋಡಿ ಓಡಿ ಬಂದು ಪುಟ್ಟ ಸ್ಟೂಲ್ ಹಾಕಿದರು. ‘ನಿಧಾನ ಮಾಂಜಿ.’ ನನಗೆ ಬಾಜಿ ಅಂದರು. ಪಾಕಿಸ್ತಾನಿ ಪಂಜಾಬಿನವರು, ಅಕ್ಕನಿಗೆ ಅಲ್ಲಿ ಹಾಗೆ ಅನ್ನುತ್ತಾರೆ.

ಹತ್ತಾ ರಸ್ತೆಯಲ್ಲಿ ಮುಕ್ಕಾಲು ಗಂಟೆ ಹೋದ ಮೇಲೆ ಮರಳಿನ ಬಣ್ಣ ತಿರುಗಿತು. ಅಲ್ಲಿಯವರೆಗೆ ಗೋಧಿ ಹಿಟ್ಟಿನ ಹಾಗಿದ್ದದ್ದು ಲಹಬಾಬ್ ಹತ್ತಿರ ಬರುತ್ತಿದ್ದಂತೆ ಕೆಮ್ಮಣ್ಣಿನ ಹಾಗಾಯಿತು. ಮರಳ ಕಾಳಿಗೆ ಕಬ್ಬಿಣದ ಆಕ್ಸೈಡ್ ಮೆತ್ತಿಕೊಂಡಿರುತ್ತದೆ. ಅಂದರೆ ತುಕ್ಕು. ರಸ್ತೆಯ ಎರಡೂ ಬದಿ ಉದ್ದಕ್ಕೂ ತಂತಿಬೇಲಿ, ಒಂಟೆಗಳು ಅಡ್ಡ ಬರಬಾರದು ಅಂತ.

ನಮ್ಮ ಜಗಳ ಶುರುವಾಗಿದ್ದು ಅಲ್ಲಿನ ಅಂಗಡಿ ಸಾಲಿನ ಹತ್ತಿರ. ತಮ್ಮ ಬುಕ್ ಮಾಡುವಾಗ ‘ಸಾಹಸ ಸವಾರಿಗಳು ಸೇರಿ’ ಅಂತ ಓದಿಯೇ ದುಡ್ಡು ಕಟ್ಟಿದ್ದ. ಅವನ ಮಗನಿಗೆ ಒಂಬತ್ತು ವರ್ಷ, ಕ್ವಾಡ್ ಬೈಕ್ ಬಿಟ್ಟು ಬೇರೆ ಮಾತಿಲ್ಲ. ಇಲ್ಲಿ ನೋಡಿದರೆ ಕ್ವಾಡ್ ಬೈಕ್‌ಗೆ ಬೇರೆ ದುಡ್ಡು, ಅರ್ಧ ಗಂಟೆಗೆ ನೂರೈವತ್ತು ದಿರ್ಹಮ್. ‘ಸೇರಿ’ ಅಂದಿದ್ದು ಕ್ಯಾಂಪಿನ ಒಂಟೆ ಸವಾರಿಗಂತೆ. ಫೋನ್ ಮಾಡಿದರೆ ಕಂಪನಿಯವಳು ತಣ್ಣಗೆ, ‘ಸರ್, ಒಂಟೆಯೂ ಸಾಹಸವೇ’ ಅಂದಳು. ಅಷ್ಟರಲ್ಲಿ ಯಾವನೋ ಹುಡುಗ ನಾದಿನಿಯ ತಲೆಗೆ ಬಟ್ಟೆ ಸುತ್ತಿ, ಸುಮ್ನೆ ಫೋಟೊಗೆ ಅಂತ ಹೇಳಿ, ಬಿಚ್ಚೋ ಮೊದಲು ಮೂವತ್ತು ದಿರ್ಹಮ್ ಕೇಳಿದ. ಹೋಗುವವರು ಯಾವ ಸವಾರಿ, ಎಷ್ಟು ನಿಮಿಷ ಅಂತ ಒಂದೊಂದನ್ನೂ ಹೆಸರು ಹಿಡಿದು ಕೇಳಿ, ಬರೆಸಿಕೊಳ್ಳಿ. ತಲೆಗೆ ಬಟ್ಟೆ ಬೇಕಿದ್ದರೆ ಮನೆಯಿಂದ ಟವೆಲ್ ಒಯ್ಯಿರಿ.

ನಾವು ಜಗಳದಲ್ಲಿದ್ದಾಗ ಡ್ರೈವರ್ ಟೈರುಗಳ ಗಾಳಿ ಬಿಡುತ್ತಿದ್ದರು. ಒಂದೊಂದು ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗೇಜ್ ನೋಡುತ್ತಾ, ಮೂವತ್ತೈದು ಇದ್ದದ್ದನ್ನು ಹದಿನೈದಕ್ಕೆ ಇಳಿಸಿದರು. ಟೈರ್ ಚಪ್ಪಟೆಯಾದರೆ ಭಾರ ಹರಡುತ್ತದೆ, ಗಾಡಿ ಹೂತುಹೋಗಲ್ಲ. ‘ಒಂಟೆ ಪಾದ ನೋಡಿದ್ದೀರಲ್ಲ ಬಾಜಿ, ಹಾಗೆ’ ಅಂದರು. ನಾನು ತರಗತಿಯಲ್ಲಿ ಇಷ್ಟು ಚೆನ್ನಾಗಿ ಹೇಳಿಲ್ಲ. ಅವ್ವನ ಮಂಡಿ ಮತ್ತು ಬೆನ್ನು ನೋಡಿ, ಮರಳ ಮೇಲಿನ ಓಟ ಇವರಿಗೆ ಬೇಡವೇ ಬೇಡ ಅಂತ ಅವರೇ ಹೇಳಿ, ನೇರ ಕ್ಯಾಂಪಿಗೆ ಹೋಗುತ್ತಿದ್ದ ಇನ್ನೊಂದು ಗಾಡಿಯಲ್ಲಿ ಕೂರಿಸಿದರು.

ಆಮೇಲಿನ ಅರ್ಧ ಗಂಟೆ ನಾನು ದೇವರ ಹೆಸರೆಲ್ಲ ಹೇಳಿದೆ. ಗಾಡಿ ದಿಣ್ಣೆ ಏರುವಾಗ ಮುಂದಿನ ಗಾಜಿನಲ್ಲಿ ಬರೀ ಆಕಾಶ. ತುದಿಗೆ ಬಂದು ಒಂದು ಗಳಿಗೆ ತೂಗಿ, ಮೂತಿ ಕೆಳಗೆ ಮಾಡಿ ಜಾರಿದಾಗ ಹೊಟ್ಟೆ ಮೇಲೇ ಉಳಿದುಬಿಡುತ್ತದೆ. ಅಡ್ಡಡ್ಡ ಜಾರುವಾಗ ಕಿಟಕಿಗೆ ಮರಳು ಬುಟ್ಟಿಯಿಂದ ಸುರಿದ ಹಾಗೆ ಬಡಿಯುತ್ತದೆ. ನಾನು ಕೊನೆಯ ಸಾಲಿನಲ್ಲಿದ್ದೆ. ಅಲ್ಲಿ ಮಾತ್ರ ಕೂರಬೇಡಿ. ಮಧ್ಯಾಹ್ನ ಅವ್ವ ಮೊಮ್ಮಗನಿಗೆ ನಾಲ್ಕು ಹೋಳಿಗೆ ತುಪ್ಪ ಹಾಕಿ ತಿನ್ನಿಸಿದ್ದಳು. ಮೂರನೇ ದಿಣ್ಣೆಗೆ ಅವನು, ‘ಅತ್ತೆ, ಹೋಳಿಗೆ ಮೇಲೆ ಬರ್ತಾ ಇದೆ’ ಅಂದ. ಡ್ರೈವರ್ ಹಿಂದೆ ತಿರುಗದೇ ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಚಾಚಿದರು. ಬಾಗಿಲ ಪಕ್ಕ ಅದರ ಕಟ್ಟೇ ಇತ್ತು. ಊಟ ಮಾಡಿ ಮೂರು ಗಂಟೆಯಾದರೂ ಆಗಿರಲಿ ಅನ್ನುವುದು ನನ್ನ ಎರಡನೇ ಉಪದೇಶ.

ಸೂರ್ಯ ಮುಳುಗುವಾಗ ಎಲ್ಲ ಗಾಡಿಗಳೂ ಒಂದು ಏಣಿನ ಮೇಲೆ ನಿಂತವು. ಜನ ಫೋಟೊ ತೆಗೆದುಕೊಂಡರು. ನಮ್ಮ ಡ್ರೈವರ್ ಗಾಡಿ ಮರೆಯಲ್ಲಿ ಚಾಪೆ ಹಾಸಿ ನಮಾಜ್ ಮುಗಿಸಿದರು. ಕ್ಯಾಂಪಿಗೆ ಬಂದಾಗ ಕತ್ತಲಾಗುತ್ತಿತ್ತು. ಬಾಗಿಲಲ್ಲಿ ಖರ್ಜೂರ, ಪುಟ್ಟ ಬಟ್ಟಲಲ್ಲಿ ಗಾವಾ. ಏಲಕ್ಕಿ ಹಾಕಿದ ಹಳದಿ ಕಾಫಿ, ಸಕ್ಕರೆ ಇಲ್ಲ. ಬಟ್ಟಲನ್ನು ಅಲ್ಲಾಡಿಸಿ ಸಾಕು ಅನ್ನಬೇಕು, ಇಲ್ಲಾಂದ್ರೆ ಹಾಕುತ್ತಲೇ ಇರುತ್ತಾರೆ.

ಅವ್ವ ಇರಲಿಲ್ಲ.

ದಿಂಬು ಹಾಕಿದ ಸಾಲುಗಳಲ್ಲಿ ಇಲ್ಲ, ಮೆಹಂದಿ ಹಾಕುವವರ ಹತ್ತಿರ ಇಲ್ಲ, ಬಾತ್‌ರೂಮಿನಲ್ಲಿ ಇಲ್ಲ. ತಮ್ಮನ ಮುಖ ಬಿಳಿಚಿಕೊಂಡಿತು. ಡ್ರೈವರ್ ಟಾರ್ಚ್ ಹಿಡಿದು ಬೇಲಿಯ ಹಿಂದಕ್ಕೆ ಹೋದರು. ಗಾಡಿ ನಿಲ್ಲಿಸುವ ಜಾಗದ ಆಚೆ ಒಂದು ಮರ. ಅದರ ಬುಡದಲ್ಲಿ ಅವ್ವ ಚಪ್ಪಲಿ ಬಿಚ್ಚಿಟ್ಟು, ಸೆರಗು ಹೊದ್ದು ಕೂತಿದ್ದಳು.

‘ಎಲ್ಲಿ ಹೋಗಿದ್ರಿ ಎಲ್ಲಾರೂ? ಇಲ್ಲಿ ಬನ್ನಿ ಗಿಡ ಐತಿ ನೋಡ್ರಿ.’

ನಾನು ನಂಬಲಿಲ್ಲ. ಬಯಲುಸೀಮೆಯವರಿಗೆ ಗೊತ್ತಿರುತ್ತದೆ, ದೂರದಿಂದ ನೋಡಿದರೆ ಬಳ್ಳಾರಿ ಜಾಲಿಯೂ ಬನ್ನಿಯ ಹಾಗೇ ಕಾಣುತ್ತದೆ. ಎರಡನ್ನೂ ಬಹುಕಾಲ ಒಂದೇ ಕುಲಕ್ಕೆ ಸೇರಿಸಿದ್ದರು, ಆದರೆ ಜಾಲಿ ಹೊರಗಿನಿಂದ ಬಂದು ಎಲ್ಲ ಕಡೆ ನುಗ್ಗಿದ್ದು. ಅರಬರ ನಾಡಿಗೂ ಅದು ಕಾಲಿಟ್ಟಿದೆ. ಮೊಬೈಲ್ ಟಾರ್ಚ್ ಹಾಕಿ ಒಂದು ಟೊಂಗೆ ಹಿಡಿದು ನೋಡಿದೆ. ಜಾಲಿಗೆ ಎಲೆ ಹುಟ್ಟುವ ಗಂಟಿನಲ್ಲೇ ಜೋಡಿ ಮುಳ್ಳು, ಉದ್ದಕ್ಕೆ ಸೂಜಿಯ ಹಾಗೆ. ಇದರಲ್ಲಿ ಮುಳ್ಳು ಚಿಕ್ಕವು, ಬುಡ ಅಗಲ, ಗಂಟು ಬಿಟ್ಟು ಟೊಂಗೆಯ ಮೇಲೆ ಎಲ್ಲೆಂದರಲ್ಲಿ. ಎಲೆ ಬೂದಿ ಬೆರೆಸಿದ ಹಸಿರು. ತೊಗಟೆ ಒಡೆದು ಗರುಕು. ಮರದ ಕೆಳಗಿನ ಅಂಚು ಕತ್ತರಿಯಲ್ಲಿ ಕತ್ತರಿಸಿದಂತೆ ಸಮ. ಒಂಟೆಗಳು ಕತ್ತು ಚಾಚಿ ಎಟುಕಿದಷ್ಟನ್ನೂ ಮೇಯ್ದಿದ್ದವು. ಸಂಶಯವೇ ಇಲ್ಲ, ಪ್ರೊಸೊಪಿಸ್ ಸಿನರೇರಿಯಾ. ಬನ್ನಿ.

‘ಇದು ಗಾಫ್’ ಅಂದರು ಡ್ರೈವರ್. ‘ಈ ದೇಶದ ರಾಷ್ಟ್ರೀಯ ಮರ. ಮುರಿಯಬೇಡಿ ಬಾಜಿ, ದಂಡ ಹಾಕ್ತಾರೆ.’

ಗಾಫ್ ಅಂದಿದ್ದೇ ತಮ್ಮ ಹಣೆ ಚಚ್ಚಿಕೊಂಡ. ಯುಎಇ 2019ನ್ನು ಸಹಿಷ್ಣುತೆಯ ವರ್ಷ ಅಂತ ಆಚರಿಸಿದಾಗ ಲಾಂಛನ ಇದೇ ಮರದ್ದು. ಇಡೀ ವರ್ಷ ಅವನ ಆಫೀಸಿನ ಲಿಫ್ಟ್ ಬಾಗಿಲ ಮೇಲೆ ಅಂಟಿಸಿದ್ದರಂತೆ. ‘ದಿನಾ ನಾಲ್ಕು ಸಲ ನೋಡ್ತಿದ್ದೆ ಅಕ್ಕಾ.’ ಅವ್ವ ಅವನನ್ನು ನೋಡಿದ ನೋಟ ನಾನು ಇಲ್ಲಿ ಬರೆಯಲಾರೆ.

ಒಳಗೆ ಢೋಲಿನ ಸದ್ದು ಶುರುವಾಯಿತು. ತಮ್ಮನ ಸಂಸಾರ ಆ ಕಡೆ ಹೋಯಿತು. ಅವ್ವ ಏಳಲಿಲ್ಲ, ನಾನೂ ಕೂತೆ. ಡ್ರೈವರ್‌ಗೆ ಒಂಬತ್ತರವರೆಗೆ ಕೆಲಸವಿಲ್ಲ. ಅವರೂ ಸ್ವಲ್ಪ ದೂರದಲ್ಲಿ ಮರಳ ಮೇಲೆ ಕೂತರು.

‘ನಮ್ಮ ಕಡೆ ಇದನ್ನ ಜಂಡ್ ಅಂತೀವಿ ಮಾಂಜಿ’ ಅಂದರು. ಅವರ ಊರು ಬಹಾವಲಪುರದ ಹತ್ತಿರ, ಚೋಲಿಸ್ತಾನ್ ಮರಳುಗಾಡಿನ ಅಂಚಿಗೆ. ಊರಿನ ಖಬರಸ್ತಾನದಲ್ಲಿ ದೊಡ್ಡ ಜಂಡ್ ಇದೆಯಂತೆ. ಅವರ ಅಪ್ಪ ಅದರ ಕೆಳಗೇ ಮಲಗಿದ್ದಾರೆ. ಇವರು ಮಣ್ಣಿಗೆ ಹೋಗಲು ಆಗಲಿಲ್ಲ, ವೀಸಾದ ಏನೋ ತೊಡಕು. ಇದನ್ನು ಅವರು ಟೈರಿನ ಗಾಳಿಯ ಬಗ್ಗೆ ಹೇಳಿದಷ್ಟೇ ಸಾದಾ ದನಿಯಲ್ಲಿ ಹೇಳಿದರು. ನಾನು ಕನ್ನಡ ಮಾಡಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಕೊಟ್ಟಳು. ‘ತಿನ್ನಪಾ.’ ಇದಕ್ಕೆ ಕನ್ನಡದಿಂದ ಏನೂ ಮಾಡಿ ಹೇಳಬೇಕಾಗಲಿಲ್ಲ.

ಹೋಳಿಗೆ ತಿನ್ನುತ್ತಾ ಅವರು ಜಂಡ್ ಮರದ ಕಥೆ ಹೇಳಿದರು. ಪಂಜಾಬಿನ ಎರಡೂ ಕಡೆ ಎಲ್ಲರಿಗೂ ಗೊತ್ತಿರುವ ಕಥೆ. ಮಿರ್ಜಾ ಅಂತ ಒಬ್ಬ, ಬಿಲ್ಲುಗಾರಿಕೆಯಲ್ಲಿ ಎತ್ತಿದ ಕೈ. ಸಾಹಿಬಾಳ ಮದುವೆ ಬೇರೆಯವನ ಜೊತೆ ನಿಶ್ಚಯವಾದಾಗ ಅವಳನ್ನು ಕುದುರೆ ಮೇಲೆ ಕೂರಿಸಿಕೊಂಡು ಓಡಿಬಂದ. ದಾರಿಯಲ್ಲಿ ಜಂಡ್ ಮರದ ಕೆಳಗೆ ನಿದ್ದೆಹೋದ. ಸಾಹಿಬಾಳಿಗೆ ಯೋಚನೆ ಹತ್ತಿತು. ಅಣ್ಣಂದಿರು ಹುಡುಕಿ ಬರುತ್ತಾರೆ, ಇವನು ಎದ್ದರೆ ಒಬ್ಬೊಬ್ಬರನ್ನೂ ಬಾಣಕ್ಕೆ ಕೆಡವುತ್ತಾನೆ. ಅವಳು ಬಾಣ ಮುರಿದು, ಬತ್ತಳಿಕೆಯನ್ನು ಜಂಡ್ ಮರಕ್ಕೆ ನೇತುಹಾಕಿದಳು. ಅಣ್ಣಂದಿರು ಬಂದರು. ಮಿರ್ಜಾ ಸತ್ತ.

ನನಗೆ ಮೈ ಜುಂ ಅಂದಿತು. ಅವ್ವನಿಗೆ ಹೇಳುವಾಗ ‘ಬತ್ತಳಿಕೆ ಮರಕ್ಕೆ’ ಅನ್ನುವಲ್ಲಿ ಅವಳೇ ತಡೆದಳು.

‘ಪಾಂಡವರೂ ಬನ್ನಿಗೇ ಇಟ್ಟಿದ್ರಲ್ಲಾ!’

ಈಗ ನಾನು ಆ ಕಡೆಗೆ ಹಿಂದಿ ಮಾಡಬೇಕಾಯಿತು. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ವಿರಾಟನ ಊರು ಹೊಗುವ ಮೊದಲು ಬಿಲ್ಲು ಬಾಣ ಎಲ್ಲ ಕಟ್ಟಿ ಬನ್ನಿ ಮರದ ಮೇಲೆ ಇಟ್ಟರು. ಯಾರೂ ಹತ್ತಿರ ಬರಬಾರದು ಅಂತ ಹೆಣದ ಹಾಗೆ ಕಾಣಿಸಿದರು. ವರ್ಷ ಕಳೆದ ಮೇಲೆ ಅರ್ಜುನ ಅದನ್ನೇ ಇಳಿಸಿಕೊಂಡು ಗೆದ್ದ. ಅಜ್ಞಾತವಾಸಕ್ಕೆ ನನ್ನ ಹಿಂದಿಯಲ್ಲಿ ಪದ ಸಿಗಲಿಲ್ಲ. ‘ಹೆಸರು ಮುಚ್ಚಿಟ್ಟುಕೊಂಡು ಬೇರೆಯವರ ಮನೆಯಲ್ಲಿ ಕೆಲಸ ಮಾಡಿದರು’ ಅಂದೆ. ಡ್ರೈವರ್ ತಲೆ ಆಡಿಸಿದರು. ‘ಒಂದೇ ವರ್ಷನಾ? ನನಗೆ ಹತ್ತೊಂಬತ್ತು.’

ಅವ್ವ ತೀರ್ಪು ಕೊಟ್ಟಳು. ‘ನಮ್ಮವರು ಮ್ಯಾಲೆ ಇಟ್ಟು ಉಳದ್ರು. ನಿಮ್ಮಾಂವ ಇಟ್ಟು ಸತ್ತ.’

‘ಅವನೆಲ್ಲಿ ಇಟ್ಟ ಮಾಂಜಿ? ಅವಳು ಇಟ್ಟಳು!’ ಅಂತ ಅವರು ಜೋರಾಗಿ ನಕ್ಕರು. ಅವ್ವನೂ ನಕ್ಕಳು. ಆಮೇಲೆ ಸಾಹಿಬಾ ಮಾಡಿದ್ದು ಸರಿಯೋ ತಪ್ಪೋ ಅಂತ ಅವರಿಬ್ಬರೂ ನನ್ನನ್ನು ನಡುವೆ ಇಟ್ಟುಕೊಂಡು ಅರ್ಧ ಗಂಟೆ ವಾದ ಮಾಡಿದರು. ಅವ್ವ ಸಾಹಿಬಾಳ ಪಕ್ಷ. ತವರು ಅಂದ್ರೆ ಏನು ಅಂತ ಗಂಡಸರಿಗೆ ತಿಳಿಯಂಗಿಲ್ಲ ಅನ್ನುವುದು ಅವಳ ವಾದ. ನಾನು ಯಾರ ಕಡೆಯೂ ಆಗದೆ ಎರಡೂ ಕಡೆಯಿಂದ ಬೈಸಿಕೊಂಡೆ.

ಊಟಕ್ಕೆ ಕರೆದರು. ಸಸ್ಯಾಹಾರದ ಸಾಲಿನಲ್ಲಿ ಅನ್ನ, ದಾಲ್, ಪಾಸ್ತಾ ಇತ್ತು. ದಾಲ್‌ಗೆ ರುಚಿಯೂ ಇಲ್ಲ, ಬಿಸಿಯೂ ಇಲ್ಲ. ಹಮ್ಮಸ್ ಮಾತ್ರ ಚೆನ್ನಾಗಿತ್ತು. ಅವ್ವ ತಂದಿದ್ದ ಶೇಂಗಾ ಚಟ್ನಿಪುಡಿ ಉದುರಿಸಿ, ಕಡಕ್ ರೊಟ್ಟಿ ಮುರಿದು ಅದ್ದಿ ತಿಂದರೆ ಇನ್ನೂ ಚೆನ್ನ. ಲುಕೈಮತ್ ಅಂತ ಒಂದು ಸಿಹಿ, ಗೋಳಿಬಜೆಗೆ ಖರ್ಜೂರದ ಪಾಕ ಸುರಿದ ಹಾಗೆ. ಹತ್ತು ತಿಂದಿರಬಹುದು. ಬಣ್ಣದ ದೀಪದ ಲಂಗ ಹಾಕಿ ಗಿರಗಿರ ತಿರುಗುವ ತನ್ನೂರಾ ನೋಡಿದೆ. ಅದು ಈಜಿಪ್ಟಿನದ್ದು. ಬೆಲ್ಲಿ ಡ್ಯಾನ್ಸ್ ಕೂಡ ಇಲ್ಲಿಯದಲ್ಲ. ಮರಳು, ಗಾವಾ, ಮತ್ತೆ ಹೊರಗಿದ್ದ ಆ ಮರ, ಇಷ್ಟು ಇಲ್ಲಿಯವು. ‘ಸಾಹಸ’ದ ಒಂಟೆ ಎದ್ದು ಒಂದು ಸುತ್ತು ಹಾಕಿ ಕೂತಿತು. ಎರಡು ನಿಮಿಷ.

ಹೊರಡುವ ಮೊದಲು ಅವ್ವ ಮತ್ತೆ ಮರದ ಹತ್ತಿರ ಹೋದಳು. ಮುರಿಯೋ ಹಾಗಿಲ್ಲವಲ್ಲ. ಟಾರ್ಚ್ ಬೆಳಕಲ್ಲಿ ಬುಡದ ಮರಳು ಕೆದಕಿ, ಉದುರಿದ ಎಲೆ ಆರಿಸಿದಳು. ಬನ್ನಿ ಎಲೆ ಅಂದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅರ್ಧಕ್ಕರ್ಧ ಮರಳೇ ಬಂತು. ಡ್ರೈವರ್ ಕೂಡ ಕೂತು ಆರಿಸಿಕೊಟ್ಟರು. ಅದರಲ್ಲೇ ಒಂದು ಚಿಟಿಕೆ ತೆಗೆದು ಅವ್ವ ಅವರ ಅಂಗೈಗೆ ಹಾಕಿದಳು. ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು. ಅರ್ಥ ಹೇಳಿದೆ. ಅವರು ಜೇಬಿನಿಂದ ಪೆಟ್ರೋಲ್ ರಸೀದಿ ತೆಗೆದು ಅದರಲ್ಲಿ ಎಲೆ ಮಡಿಚಿಟ್ಟುಕೊಂಡರು.

ಮರುದಿನ ಆಫೀಸಿಗೆ ಹೋದ ತಮ್ಮನಿಂದ ಹತ್ತು ಗಂಟೆಗೆ ಒಂದು ಫೋಟೊ ಬಂತು. ಪಾರ್ಕಿಂಗ್ ಪಕ್ಕ ಬೂದುಹಸಿರಿನ ಒಂದು ಮರ.

‘ಅಕ್ಕಾ, ಇದೂ ಅದೇನಾ?’

ದೊಡ್ಡದು ಮಾಡಿ ನೋಡಿದೆ. ಮುಳ್ಳು ಕಾಣಿಸಲಿಲ್ಲ. ಹತ್ತಿರ ಹೋಗಿ ಟೊಂಗೆ ಹಿಡಿದು ಫೋಟೊ ತೆಗಿ ಅಂತ ಬರೆದೆ.

‘ಸೆಕ್ಯುರಿಟಿಯವನು ನೋಡ್ತಾ ಇದ್ದಾನೆ’ ಅಂತ ಉತ್ತರ ಬಂತು.