ಎಂಟು ವಾರ ಆಯ್ತು, ಲೈಸೆನ್ಸ್ ಇನ್ನೂ ಕೆಂಪು

ವಾರ 1

ಊಟದ ಟೇಬಲ್ಲಿಗೆ ಸ್ಟೀರಿಂಗ್ ಬಿಗಿದೆ. ಪೆಡಲ್‌ಗಳು ಟೈಲ್ಸ್ ಮೇಲೆ ಜಾರುತ್ತಿದ್ದವು. ಕೆಳಗೆ ಹಳೇ ಕಾಲೊರಸು ಹಾಸಿ, ಗೋಡೆಗೆ ಒತ್ತಿ ಇಟ್ಟೆ. ಕಂಪ್ಯೂಟರಿನಲ್ಲಿ ನಿಜವಾದ ರೇಸಿನ ಹಾಗೇ ಕಾರು ಓಡಿಸೋ ಆನ್‌ಲೈನ್ ಆಟ ಐರೇಸಿಂಗ್‌ಗೆ ದುಡ್ಡು ಕಟ್ಟಿದ್ದೂ ಆಯ್ತು.

ಈ ಹುಚ್ಚು ಹಿಡಿಸಿದವನು ನಾಸ್ಕಾರ್ ಅನ್ನೋ ಅಮೆರಿಕದ ಕಾರ್ ರೇಸಿನ ಚಾಲಕ ವಿಲಿಯಂ ಬೈರನ್. 1997ರಲ್ಲಿ ಅಮೆರಿಕದ ಶಾರ್ಲಟ್‌ನಲ್ಲಿ ಹುಟ್ಟಿದವನು. ಮನೆಯಲ್ಲಿ ರೇಸಿಗೆ ಇಳಿದವರು ಯಾರೂ ಇಲ್ಲ. ಇದೇ ಐರೇಸಿಂಗ್‌ನಲ್ಲಿ ಕೈ ಪಳಗಿಸಿಕೊಂಡು, 2012ರಲ್ಲಿ ಲೆಜೆಂಡ್ಸ್ ಕಾರು ಹತ್ತಿದ. ಅದೊಂದು ಮಜಾ ಗಾಡಿ. ನೋಡೋಕೆ 1930-40ರ ಕಾಲದ ಕಾರು, ಅಳತೆ ಎಂಟರಲ್ಲಿ ಐದು ಪಾಲು, ಒಳಗೆ ಯಮಹಾ ಬೈಕಿನ ಎಂಜಿನ್!

ವಾರ 3

ಸೌತ್ ಬಾಸ್ಟನ್ ಅನ್ನೋ ಮೊಟ್ಟೆಯಾಕಾರದ ಟ್ರ್ಯಾಕ್, ಬರೀ ಎಡಕ್ಕೆ ತಿರುವು, ಒಂದು ಸುತ್ತು 0.4 ಮೈಲಿ. ಸ್ಟ್ರೀಟ್ ಸ್ಟಾಕ್ ಕಾರು. ಮೂರನೇ ಸ್ಥಾನ ಬಂದೆ ಅಂತ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆಮೇಲೆ ನೋಡಿದರೆ ಸೇಫ್ಟಿ ರೇಟಿಂಗ್ ಇಳಿದಿದೆ.

ಇಲ್ಲಿ ಲೆಕ್ಕವೇ ಬೇರೆ. ಎಷ್ಟು ತಿರುವು ದಾಟಿದಿರಿ, ಅಷ್ಟರಲ್ಲಿ ಎಷ್ಟು ತಪ್ಪು ಮಾಡಿದಿರಿ ಅನ್ನೋದು ಮುಖ್ಯ. ಕಾರು ಗಿರಕಿ ಹೊಡೆದರೆ 2 ಅಂಕ ದಂಡ, ಇನ್ನೊಬ್ಬರಿಗೆ ಜೋರಾಗಿ ಗುದ್ದಿದರೆ 4. ರೇಟಿಂಗ್ 3.00 ಮುಟ್ಟಿದರೆ ಮಾತ್ರ ಕೆಂಪು ರೂಕಿ, ಅಂದರೆ ಹೊಸಬರ ಲೈಸೆನ್ಸ್ ಹೋಗಿ ಕಿತ್ತಳೆ ಬಣ್ಣದ ಡಿ ದರ್ಜೆ ಬರುತ್ತದೆ. ನನ್ನದು 2.31. ಜೋರಾಗಿ ಓಡಿಸೋಕೆ ಬರುತ್ತದೆ, ಗುದ್ದದೆ ಓಡಿಸೋಕೆ ಬರಲ್ಲ.

ವಾರ 5

ರೋಗ ಗೊತ್ತಾಯಿತು. ತಿರುವಿಗೆ ವಿಪರೀತ ವೇಗದಲ್ಲಿ ನುಗ್ಗುತ್ತಿದ್ದೆ. ಬಲಗಡೆಯ ಮುಂದಿನ ಟೈರು ಕಾದು ಹಿಡಿತ ಬಿಡುತ್ತದೆ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ಸೀದಾ ಗೋಡೆ ಕಡೆಗೇ. ಈಗ ನೇರ ದಾರಿಯಲ್ಲೇ ಬ್ರೇಕ್ ಒತ್ತಿ, ಒಳಗಿನ ಗೆರೆಗೆ ಅಂಟಿಕೊಂಡು, ಮೆಲ್ಲಗೆ ಆಕ್ಸಿಲರೇಟರ್ ಕೊಡುತ್ತೇನೆ. ನಿಧಾನ ಅನ್ನಿಸುತ್ತದೆ, ಆದರೆ ಗಡಿಯಾರ ಬೇರೇನೇ ಹೇಳುತ್ತದೆ.

ಬೈರನ್ ಹತ್ತಿದ ಮೆಟ್ಟಿಲುಗಳನ್ನು ಬರೆದು ಮಾನಿಟರ್ ಪಕ್ಕ ಅಂಟಿಸಿದ್ದೇನೆ, ಒಂದೊಂದೂ ಒಂದೊಂದು ದರ್ಜೆಯ ರೇಸು. 2014 ಲೇಟ್ ಮಾಡೆಲ್. 2015 ಕೆ ಅಂಡ್ ಎನ್ ಈಸ್ಟ್, ಚಾಂಪಿಯನ್. 2016 ಪಿಕಪ್ ಟ್ರಕ್ ರೇಸು, ಮೊದಲ ವರ್ಷವೇ 7 ಗೆಲುವು. 2017 ಎಕ್ಸ್‌ಫಿನಿಟಿ, ಮತ್ತೆ ಚಾಂಪಿಯನ್. 2018 ನಾಸ್ಕಾರ್‌ನ ಅತಿ ಮೇಲಿನ ಕಪ್ ಸರಣಿ, ಒಂದು ಕಾಲಕ್ಕೆ ಹೆಸರಾಂತ ಚಾಂಪಿಯನ್ ಜೆಫ್ ಗೋರ್ಡನ್ ಓಡಿಸುತ್ತಿದ್ದ 24ನೇ ನಂಬರಿನ ಕಾರು. ವರ್ಷಕ್ಕೊಂದು ಹೊಸ ಗಾಡಿ, ಅದರ ತೂಕ ಬೇರೆ, ಟೈರು ಬೇರೆ. ನನಗೆ ಒಂದೇ ಕಾರಿನ ಬುದ್ಧಿ ತಿಳಿಯೋಕೆ ಐದು ವಾರ ಹಿಡಿಯಿತು!

ವಾರ 6

ನಾಲ್ಕು ಸುತ್ತು ಬಾಕಿ, ಎರಡನೇ ಸ್ಥಾನ, ಒಂದು ಗೀರೂ ಇಲ್ಲ. ಕರೆಂಟ್ ಹೋಯಿತು.

ಸಿಟ್ಟು ಇಳಿಯಲಿ ಅಂತ 2016ರ ಫೀನಿಕ್ಸ್ ಟ್ರಕ್ ರೇಸಿನ ವಿಡಿಯೋ ಹಾಕಿದೆ. ಬೈರನ್ ಮುಂದಿದ್ದಾನೆ, ಕೆಲವೇ ಸುತ್ತು ಉಳಿದಿವೆ, ಎಂಜಿನ್ ಹೊಗೆ ಬಿಟ್ಟಿತು. ಚಾಂಪಿಯನ್‌ಶಿಪ್ ಕಣದಿಂದಲೇ ಹೊರಗೆ. ಮುಂದಿನ ವಾರ ಹೋಮ್‌ಸ್ಟೆಡ್‌ನಲ್ಲಿ ಬಂದು ರೇಸ್ ಗೆದ್ದ, ಪಟ್ಟ ಮಾತ್ರ ಸಿಗೋ ಹಾಗಿರಲಿಲ್ಲ. ಅದರ ಮುಂದೆ ನಮ್ಮ ಕರೆಂಟ್ ಯಾವ ಲೆಕ್ಕ, ಅಲ್ವಾ? ಯುಪಿಎಸ್ ತಂದೆ.

ವಾರ 8

ರೇಟಿಂಗ್ 2.93. ಬಿಡಿ, ಕಪ್‌ನಲ್ಲಿ ಮೊದಲ ಗೆಲುವಿಗೆ ಬೈರನ್ನೂ 2020ರ ಆಗಸ್ಟ್‌ವರೆಗೆ ಕಾದಿದ್ದ. ಅದು ಡೇಟೋನಾದಲ್ಲಿ. ಆಮೇಲೆ ಅಲ್ಲೇ ಕಪ್‌ನ ಅತಿ ದೊಡ್ಡ ರೇಸು ಡೇಟೋನಾ 500 ಅನ್ನು 2024, 2025 ಎರಡೂ ವರ್ಷ ಬಾಚಿಕೊಂಡ.

ನಾಳೆ ಬೆಳಗ್ಗೆ ಐದೂವರೆಗೆ ರೇಸ್. ಅಮೆರಿಕದಲ್ಲಿ ಆಗ ಸಂಜೆ, ಜನ ಜಾಸ್ತಿ. ಹಿಂದಿನ ಸಾಲಿನಿಂದ ಹೊರಡುತ್ತೇನೆ, ಯಾರನ್ನೂ ಮುಟ್ಟಲ್ಲ. ಹತ್ತನೇ ಸ್ಥಾನ ಬಂದರೂ ಸಾಕು. ಊಟದ ಟೇಬಲ್ ಮಾತ್ರ ತಿಂಡಿ ಹೊತ್ತಿಗೆ ಖಾಲಿ ಮಾಡಿಕೊಡಬೇಕಂತೆ.